ಕರಿ ರೇಕ್ವಾಝಾ

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಬರಹ ಒಂದು ಮೊಬೈಲ್ ಆಟದ ಬಗ್ಗೆ. ನಲವತ್ತರ ಹತ್ತಿರ ಬಂದ, ಹುಮನಾಬಾದಿನಲ್ಲಿ ಮೆಡಿಕಲ್ ಅಂಗಡಿ ನಡೆಸುವ ಮನುಷ್ಯ ಪೋಕೆಮಾನ್ ಬಗ್ಗೆ ಬರೀತಾನೆ ಅಂದ್ರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಕ್ಕುಬಿಡಿ, ಬೇಜಾರಿಲ್ಲ :) ಕಳೆದ ಸಲ ತೊಗರಿ ರೇಟಿನ ಬಗ್ಗೆ ಬರೆದದ್ದನ್ನು ಓದಿದವರು ಮೂರೇ ಜನ. ಇದನ್ನು ನಾಲ್ಕು ಜನ ಓದಿದರೂ ಲಾಭವೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪೋಕೆಮಾನ್ ಅನ್ನೋದು ಜಪಾನಿನಲ್ಲಿ 1996ರಲ್ಲಿ ವಿಡಿಯೋ ಗೇಮ್ ಆಗಿ ಹುಟ್ಟಿದ್ದು. ಮರುವರ್ಷ, ಅಂದ್ರೆ 1997ರಲ್ಲಿ, ಅದರ ಆನಿಮೆ ಟೀವಿಗೆ ಬಂತು. ನಮ್ಮಲ್ಲಿ ಅದು ಹಿಂದಿಯಲ್ಲಿ ಬರ್ತಿತ್ತು. ನಮ್ಮಕ್ಕನ ಮಗ ಚಿಕ್ಕವನಿದ್ದಾಗ ಟೀವಿ ಮುಂದಿಂದ ಏಳ್ತಾನೇ ಇರಲಿಲ್ಲ, ಅವನ ಜೊತೆ ಕೂತು ನಾನೂ ಸಾಕಷ್ಟು ನೋಡಿದೀನಿ. ಆ ಕಥೆಯ ಹುಡುಗ ಆ್ಯಶ್ ಪ್ರತಿ ಸಲ ದೊಡ್ಡ ಪಂದ್ಯದಲ್ಲಿ ಸೋಲ್ತಿದ್ದ, ಮತ್ತೆ ಚೀಲ ಹೆಗಲಿಗೇರಿಸಿ ಹೊರಡ್ತಿದ್ದ. ಅವನು ವಿಶ್ವ ಚಾಂಪಿಯನ್ ಆಗಿದ್ದು 2022ರ ನವೆಂಬರಿನಲ್ಲಿ. ಇಪ್ಪತ್ತೈದು ವರ್ಷ! ನಮ್ಮ ಕಡೆ ರೈಲು ಬಂದಿದ್ದಕ್ಕೂ ಆ್ಯಶ್ ಗೆದ್ದಿದ್ದಕ್ಕೂ ತಾಳ್ಮೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ ಬಿಡಿ. ಬೀದರ್-ಕಲಬುರಗಿ ಲೈನು ಉದ್ಘಾಟನೆ ಆಗಿದ್ದು 2017ರ ಅಕ್ಟೋಬರಿನಲ್ಲಿ.

ಪೋಕೆಮಾನ್ ಗೋ ಅನ್ನೋದು 2016ರ ಜುಲೈನಲ್ಲಿ ಬಂದ ಮೊಬೈಲ್ ಆಟ. ಭಾರತಕ್ಕೆ ಅಧಿಕೃತವಾಗಿ ಬಂದಿದ್ದು ಅದೇ ವರ್ಷ ಡಿಸೆಂಬರ್ 14ಕ್ಕೆ, ಜಿಯೋ ಜೊತೆ ಸೇರಿಕೊಂಡು. ಇದರಲ್ಲಿ ಕೂತಲ್ಲೇ ಕೂತು ಆಡೋಕಾಗಲ್ಲ, ನಡೀಬೇಕು. ಊರಿನ ನಿಜವಾದ ನಕ್ಷೆಯೇ ಆಟದ ನಕ್ಷೆ. ಗುಡಿ, ಪ್ರತಿಮೆ, ಹಳೇ ಕಟ್ಟಡ ಇಂಥ ಕಡೆ 'ಸ್ಟಾಪ್' ಇರುತ್ತೆ, ಕೆಲವು ಕಡೆ 'ಜಿಮ್' ಇರುತ್ತೆ. ಜಿಮ್ಮಿನ ಮೇಲೆ ಆಗಾಗ ಒಂದು ಮೊಟ್ಟೆ ಬಂದು ಕೂರುತ್ತೆ. ಅದು ಒಡೆದಾಗ ಒಂದು ದೈತ್ಯ ಪೋಕೆಮಾನ್ ಹೊರಗೆ ಬರುತ್ತೆ. ಅದರ ಜೊತೆ ಗುದ್ದಾಡೋದಕ್ಕೆ ರೇಡ್ ಅಂತಾರೆ. ದೊಡ್ಡ ರೇಡಾದರೆ ಮುನ್ನೂರು ಸೆಕೆಂಡು ಟೈಮು. ಅಷ್ಟರಲ್ಲಿ ಸೋಲಿಸಿದರೆ ಹಿಡಿಯೋ ಅವಕಾಶ, ಇಲ್ಲಾಂದ್ರೆ ಜೈ.

ಇಪ್ಪತ್ತು ಜನರವರೆಗೆ ಒಟ್ಟಿಗೆ ಸೇರಿ ಹೊಡೀಬಹುದು. ಬೆಂಗಳೂರಿನವರು ಪಾರ್ಕಿನಲ್ಲಿ ಗುಂಪಾಗಿ ಸೇರ್ತಾರೆ. ಬಸವಕಲ್ಯಾಣದಲ್ಲಿ ನಮಗೆ ಗೊತ್ತಿದ್ದಂತೆ ಆಡ್ತಿದ್ದವನು ಒಬ್ಬ, ನಮ್ಮಳಿಯ. ಹುಮನಾಬಾದಿನಲ್ಲಿ ಒಬ್ಬ, ನಾನು. ಎರಡೂ ಊರಿನ ನಡುವೆ ಸುಮಾರು ಮೂವತ್ತು ಕಿಲೋಮೀಟರ್.

ನಾನು ಈ ಆಟಕ್ಕೆ ಇಳಿದಿದ್ದಕ್ಕೆ ಕಾರಣ ಇದೆ. ಹುಡುಗ ಡಿಗ್ರಿ ಮುಗಿಸಿ ಒಂದು ಸರ್ಕಾರಿ ಪರೀಕ್ಷೆ ಬರೆದಿದ್ದ. ಚೆನ್ನಾಗಿ ಬರೆದೀನಿ ಅಂತ ಅಂದುಕೊಂಡಿದ್ದ. ಪರೀಕ್ಷೆಯೇ ರದ್ದಾಯ್ತು. ಮತ್ತೊಂದು ಬರೆದ, ಅದರಲ್ಲಿ ಎರಡು ಮಾರ್ಕಿಗೆ ಹೋಯ್ತು. ಆಮೇಲೆ ಮಾತು ನಿಲ್ಲಿಸಿಬಿಟ್ಟ. ಊಟಕ್ಕೆ ಕರೆದರೆ ಬರ್ತಿದ್ದ, ತಟ್ಟೆ ನೋಡ್ತಾ ಉಣ್ತಿದ್ದ, ಎದ್ದು ಹೋಗ್ತಿದ್ದ. ಭಾವನದು ಕಿರಾಣಿ ಅಂಗಡಿ. "ಅಂಗಡಿಗಿ ಬಂದು ಕೂಡು, ಇಲ್ಲಾ ಬ್ಯಾರೆ ಏನಾರ ಮಾಡು" ಅಂತ ದಿನಾ ಅನ್ನೋರು. ಅಕ್ಕ ಒಂದು ದಿನ ಫೋನ್ ಮಾಡಿ, "ತಮ್ಮಾ, ನೀ ಒಮ್ಮಿ ಬಂದು ಮಾತಾಡ್ಸೋ. ನಮ್ಮ ಜೊತಿ ಅಂತೂ ಮಾತಾಡಲ್ಲ. ಮೊಬೈಲ್ ಹಿಡಕೊಂಡು ಕ್ವಾಟಿ ಕಡಿ ಹೋಗ್ತಾನ, ಒಬ್ಬನೇ ನಿಂತಿರ್ತಾನ" ಅಂದಳು. ಅವಳ ದನಿಯಲ್ಲಿದ್ದ ಹೆದರಿಕೆ ಏನು ಅಂತ ನಿಮಗೂ ಗೊತ್ತಾಗುತ್ತೆ, ಬಿಡಿಸಿ ಹೇಳಲ್ಲ.

ನಾನು ಹೋಗಿ ಉಪದೇಶ ಮಾಡಲಿಲ್ಲ. ಏನು ಆಡ್ಲತ್ತೀ ತೋರ್ಸು ಅಂದೆ. ತೋರಿಸಿದ. ಅವನು ಆರು ತಿಂಗಳಿಂದ ಒಬ್ಬನೇ ಜಿಮ್ ಮುಂದೆ ನಿಂತು, ಯಾರಾದ್ರೂ ಬರಬಹುದು ಅಂತ ಕಾದು, ಮೊಟ್ಟೆ ಒಡೆದು ಬಂದ ದೈತ್ಯವನ್ನು ನೋಡಿ ವಾಪಸ್ ಬರ್ತಿದ್ದನಂತೆ. ಒಬ್ಬನೇ ಹೊಡೆದರೆ ಸಾಯಲ್ಲ ಅದು. ನಾನು ಅಲ್ಲೇ ಆಟ ಡೌನ್‌ಲೋಡ್ ಮಾಡಿದೆ.

ಇಲ್ಲೊಂದು ತಮಾಷೆಯ ವಿಷಯ ಹೇಳಬೇಕು. ಆಟದಲ್ಲಿ ಕೆಂಪು, ನೀಲಿ, ಹಳದಿ ಅಂತ ಮೂರು ಪಕ್ಷ. ಅವನದು ನೀಲಿ. ನಾನೂ ನೀಲಿ ಆಗ್ತೀನಿ ಅಂದ್ರೆ, "ಬ್ಯಾಡ ಮಾಮಾ, ನೀವು ಕೆಂಪು ಆಗ್ರಿ" ಅಂದ. ಯಾಕೆ ಅಂದ್ರೆ, ಜಿಮ್ಮಿನಲ್ಲಿ ನಮ್ಮ ಪೋಕೆಮಾನ್ ಕಾವಲಿಗೆ ಕೂರಿಸಿದರೆ ಹತ್ತು ನಿಮಿಷಕ್ಕೆ ಒಂದು ನಾಣ್ಯ. ದಿನಕ್ಕೆ ಆಗ ಹೆಚ್ಚೆಂದರೆ ಐವತ್ತು. ಅಂದ್ರೆ ಎಂಟು ಗಂಟೆ ಇಪ್ಪತ್ತು ನಿಮಿಷದ ಡ್ಯೂಟಿ. ಆದರೆ ನಾಣ್ಯ ಕೈಗೆ ಬರೋದು ಯಾರಾದ್ರೂ ಅದನ್ನು ಹೊಡೆದು ಕೆಳಗಿಳಿಸಿದಾಗ ಮಾತ್ರ! ಬಸವಕಲ್ಯಾಣದಲ್ಲಿ ಹೊಡೆಯೋರೇ ಇಲ್ಲ. ಅವನ ಪೋಕೆಮಾನ್‌ಗಳು ಇಪ್ಪತ್ತು ದಿನ, ತಿಂಗಳು ಹಂಗೇ ಕೂತಿರೋವು, ಒಂದು ಪೈಸೆ ಇಲ್ಲ. ಊರಿಗೆ ಒಬ್ಬ ವೈರಿ ಬೇಕಿತ್ತು. ಆ ಕೆಲಸ ನನಗೆ ಸಿಕ್ತು. ನಾನು ಹೋದಾಗೆಲ್ಲ ಅವನವನ್ನು ಇಳಿಸೋದು, ಅವನು ಹುಮನಾಬಾದಿಗೆ ಬಂದಾಗ ನನ್ನವನ್ನು ಇಳಿಸೋದು. ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಹೊಡೆದಿರಲಿಕ್ಕಿಲ್ಲ.

ಅವನಿಗೆ ಬೇಕಾಗಿದ್ದು ಒಂದೇ: ಕರಿ ರೇಕ್ವಾಝಾ.

ರೇಕ್ವಾಝಾ ಅಂದ್ರೆ ಆಕಾಶದಲ್ಲಿ ಇರುವ ಹಾವಿನಂಥ ಡ್ರ್ಯಾಗನ್. ಮಾಮೂಲಿ ಬಣ್ಣ ಹಸಿರು. ಬಹಳ ಅಪರೂಪಕ್ಕೆ ಕಪ್ಪು ಬರುತ್ತೆ, ಅದಕ್ಕೆ 'ಶೈನಿ' ಅಂತಾರೆ. ಬಲದಲ್ಲಿ ಏನೂ ವ್ಯತ್ಯಾಸ ಇಲ್ಲ, ಬಣ್ಣ ಮಾತ್ರ ಬೇರೆ. ಆದ್ರೂ ಅದಕ್ಕಾಗಿ ಜಗತ್ತಿನ ತುಂಬ ಜನ ಸಾಯ್ತಾರೆ. ಆಟಗಾರರು ಲೆಕ್ಕ ಇಟ್ಟು ಕಂಡುಕೊಂಡಂತೆ ಇಂಥ ದೊಡ್ಡ ರೇಡುಗಳಲ್ಲಿ ಸುಮಾರು ಇಪ್ಪತ್ತಕ್ಕೆ ಒಂದು ಶೈನಿ. ಒಂದೇ ರೇಡಿನಲ್ಲಿ ಇಬ್ಬರು ಇದ್ದರೂ ಇಬ್ಬರಿಗೂ ಬೇರೆ ಬೇರೆ ದಾಳ ಬೀಳುತ್ತೆ. ನನಗೆ ಕಪ್ಪು ಬಂದರೆ ನಿಮಗೆ ಹಸಿರು ಬರಬಹುದು.

ರೇಕ್ವಾಝಾ ಯಾಕೆ ಅಂದ್ರೆ, ಇಬ್ಬರೇ ಸೇರಿ ಸೋಲಿಸಬಹುದಾದ ದೊಡ್ಡವುಗಳಲ್ಲಿ ಅದೊಂದು. ಅದು ಡ್ರ್ಯಾಗನ್ನೂ ಹೌದು, ಹಾರುವ ಜಾತಿಯೂ ಹೌದು. ಎರಡಕ್ಕೂ ಹಿಮದ ಏಟು ಆಗಲ್ಲ. ಒಂದು ದೌರ್ಬಲ್ಯಕ್ಕೆ ಏಟು 1.6 ಪಟ್ಟು, ಎರಡು ಸೇರಿದರೆ 2.56 ಪಟ್ಟು. ಹಾಗಾಗಿ ಮ್ಯಾಮೊಸ್ವೈನ್ ಅನ್ನೋ, ಆನೆ ಥರದ ದಂತ ಇರುವ ಹಿಮದ ಹಂದಿ ಬೇಕು. ಒಬ್ಬೊಬ್ಬರಿಗೂ ಆರಾರು. ನಾನು ಎರಡು ತಿಂಗಳು ಸಣ್ಣ ಸಣ್ಣ ಹಂದಿಮರಿ ಹಿಡಿದು, ಸಾಕಿ, ದೊಡ್ಡವು ಮಾಡಿದೆ. ಅಂಗಡಿಗೆ ಬಂದವರು ಪ್ಯಾರಾಸಿಟಮಾಲ್ ಕೇಳಿದರೆ ಒಂದು ಕೈಯಲ್ಲಿ ಕೊಡ್ತಾ ಇನ್ನೊಂದು ಕೈಯಲ್ಲಿ ಹಂದಿ ಹಿಡಿದದ್ದೂ ಇದೆ.

ಆಟಕ್ಕೆ ಹವಾಮಾನವೂ ಸೇರಿಕೊಳ್ಳುತ್ತೆ. ನಿಜವಾಗಿ ಹಿಮ ಬೀಳ್ತಿದ್ದರೆ ಹಿಮದ ಏಟಿಗೆ ಬಲ ಜಾಸ್ತಿ. ಗಾಳಿ ಬೀಸ್ತಿದ್ದರೆ ಡ್ರ್ಯಾಗನ್ನಿಗೆ ಬಲ ಜಾಸ್ತಿ. ಬಸವಕಲ್ಯಾಣದಲ್ಲಿ ಹಿಮ ಎಲ್ಲಿಂದ ಬರಬೇಕು? ಆಷಾಢದಲ್ಲಿ ಗಾಳಿ ಅಂತೂ ಬೇಕಾದಷ್ಟು. "ಮಾಮಾ, ಇವತ್ತ ಗಾಳಿ ಭಾಳ ಅದ, ಆಗಲ್ಲ" ಅಂತ ಅವನು ಫೋನ್ ಮಾಡಿದರೆ, ಅಂಗಡಿಯಲ್ಲಿ ಕೂತ ಪಕ್ಕದ ಗೊಬ್ಬರದ ಅಂಗಡಿಯ ಕಾಕಾ "ಹೌದ್ ನೋಡ್ರಿ, ಔಷಧ ಹೊಡ್ಯಾಕ ಬರಲ್ಲ ಇವತ್ತ" ಅಂತಿದ್ದರು. ಅವರು ಸೋಯಾಬೀನ್ ಬಗ್ಗೆ ಅಂದುಕೊಂಡಿದ್ದರು.

ಬುಧವಾರ ಸಂಜೆ ಆರರಿಂದ ಏಳು 'ರೇಡ್ ಅವರ್'. ಆ ಒಂದು ಗಂಟೆ ಬಹುತೇಕ ಎಲ್ಲ ಜಿಮ್ಮಿನಲ್ಲೂ ಅದೇ ದೊಡ್ಡ ಪೋಕೆಮಾನ್ ಇರುತ್ತೆ. ಇದನ್ನೇ ಆಟದವರು 'ಫಾರ್ಮಿಂಗ್' ಅನ್ನೋದು. ಒಂದಾದ ಮೇಲೆ ಒಂದು ಹೊಡೀತಾ ಹೋಗೋದು, ಬೆಳೆ ಕೊಯ್ದ ಹಾಗೆ. ಒಂದು ಬುಧವಾರ ನಾನು ಬಸ್ ಹತ್ತೋದು, ಸಸ್ತಾಪುರ ಬಂಗ್ಲಾ ದಾಟಿ ಊರೊಳಗೆ ಇಳಿಯೋದು. ಮುಂದಿನ ಬುಧವಾರ ಅವನು ಹುಮನಾಬಾದಿಗೆ. ಜಿಮ್ಮಿನಿಂದ ಜಿಮ್ಮಿಗೆ ಓಡ್ತಿದ್ವಿ. ದಿನಕ್ಕೆ ಒಂದು ಪಾಸು ಪುಕ್ಕಟೆ, ಉಳಿದದ್ದಕ್ಕೆ ನೂರು ನಾಣ್ಯ. ಅಂದ್ರೆ ಎರಡು ದಿನದ ಕಾವಲಿನ ಕೂಲಿ. ಬೆಂಗಳೂರಿನವರಿಗೆ ಒಂದು ಗಂಟೆಯಲ್ಲಿ ಹತ್ತು ರೇಡ್ ಆಗುತ್ತೆ ಅಂತಾರೆ. ನಮಗೆ ಮೂರಾದರೆ ಹಬ್ಬ.

ದೂರದಿಂದ ಸೇರುವ ಪಾಸೂ ಇತ್ತು. 2020ರ ಏಪ್ರಿಲಿನಲ್ಲಿ, ಕೊರೊನಾ ಕಾಲಕ್ಕೆ ಬಂದಿದ್ದು. ನೂರು ನಾಣ್ಯಕ್ಕೆ ಮನೆಯಲ್ಲೇ ಕೂತು ಗೆಳೆಯನ ರೇಡಿಗೆ ಹೋಗಬಹುದಿತ್ತು. 2023ರ ಏಪ್ರಿಲಿನಲ್ಲಿ ಅದನ್ನು ಒಂದಕ್ಕೆ 195 ನಾಣ್ಯ ಮಾಡಿದರು, ದಿನಕ್ಕೆ ಐದೇ ಅಂತ ಮಿತಿ ಹಾಕಿದರು. ಜನ ಹೊರಗೆ ಬಂದು ಒಟ್ಟಿಗೆ ಆಡಲಿ ಅನ್ನೋದು ಕಂಪನಿಯ ವಾದ. ಸರಿ, ಆದರೆ ಹೊರಗೆ ಬಂದರೆ ಅಲ್ಲಿ ಇನ್ನೊಬ್ಬ ಇರಬೇಕಲ್ಲ? ದೊಡ್ಡ ಊರಲ್ಲಿ ಕೂತು ಮಾಡಿದ ನಿಯಮ ಸಣ್ಣ ಊರಿಗೆ ಹೆಂಗೆ ಬೀಳುತ್ತೆ ಅನ್ನೋದಕ್ಕೆ ಆಟವೂ ಹೊರತಲ್ಲ. ನಾವು ಶುರು ಮಾಡುವ ಹೊತ್ತಿಗೆ ಬೆಲೆ ಏರಿಯಾಗಿತ್ತು. ಆದ್ದರಿಂದ ನಮ್ಮದು ಬಸ್ಸಿನ ಆಟ.

ಬಸ್ಸಿಗೆ ಕಾಯುವಾಗ ಹುಡುಗ ಮಾತಾಡೋಕೆ ಶುರು ಮಾಡಿದ. ಮೊದಮೊದಲು ಬರೀ ಹಂದಿ, ಡ್ರ್ಯಾಗನ್. ಒಂದು ದಿನ ಹದಿನಾಲ್ಕನೇ ರೇಡೂ ಹಸಿರೇ ಬಂದಾಗ, "ಇಪ್ಪತ್ತಕ್ಕ ಒಂದು ಅಂದ್ರ ಇನ್ನ ಆರು ಮಾಡಿದ್ರ ಬರಬೇಕಲ್ಲ ಮಾಮಾ" ಅಂದ. ಇಲ್ಲ, ಹಂಗಲ್ಲ ಲೆಕ್ಕ. ಪ್ರತಿ ಸಲ ದಾಳ ಹೊಸದು. ಹಿಂದಿನ ಹದಿನಾಲ್ಕನ್ನು ಅದು ನೆನಪಿಟ್ಟುಕೊಳ್ಳಲ್ಲ. ಇಪ್ಪತ್ತು ರೇಡ್ ಮಾಡಿದ ನೂರು ಜನರಲ್ಲಿ ಮೂವತ್ತಾರು ಜನ ಬರಿಗೈಯಲ್ಲೇ ಇರ್ತಾರೆ. ನಲವತ್ತು ಮಾಡಿದರೂ ಹದಿಮೂರು ಜನರಿಗೆ ಏನೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ತೋರಿಸಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದ್ರ ಆ ಹದಿಮೂರು ಮಂದಿ ತಪ್ಪು ಏನೂ ಮಾಡಿಲ್ಲ" ಅಂದ. "ಇಲ್ಲ" ಅಂದೆ. "ಅವರ ಅಪ್ಪಗೆ ಇದು ಯಾರು ಹೇಳ್ಬೇಕು?" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಬಸ್ ಬಂತು.

ಜಿಮ್ ಕಡಿಮೆ ಇರೋದೇ ನಮ್ಮ ತೊಂದರೆ ಅಂತ ಅವನು ಜಿಮ್ ಎಲ್ಲಿಂದ ಬರ್ತವೆ ಅಂತ ಹುಡುಕಿದ. ಆಟಗಾರರೇ ಊರಿನ ಜಾಗಗಳ ಫೋಟೋ ತೆಗೆದು, ಎರಡು ಸಾಲು ಬರೆದು ಕಳಿಸಬೇಕು. ಬೇರೆ ಆಟಗಾರರು ಅದನ್ನು ಪರೀಕ್ಷೆ ಮಾಡಿ ಓಟು ಹಾಕ್ತಾರೆ. ಯಾರದೋ ಮನೆ, ಶಾಲೆ ಇಂಥವು ನಡೆಯಲ್ಲ. ನೆಲವನ್ನು ಚೌಕಗಳಾಗಿ ಭಾಗ ಮಾಡಿರ್ತಾರೆ. ಆಟಗಾರರು ಕಂಡುಕೊಂಡ ಲೆಕ್ಕದಂತೆ ಒಂದು ಚೌಕದಲ್ಲಿ ಎರಡು ಜಾಗ ಆದರೆ ಒಂದು ಜಿಮ್, ಆರಾದರೆ ಎರಡು, ಇಪ್ಪತ್ತಾದರೆ ಮೂರು. ಅಂದ್ರೆ ಊರಿನಲ್ಲಿ ನೋಡುವಂಥದ್ದು ಎಷ್ಟಿದೆ ಅಂತ ಜಗತ್ತಿಗೆ ತೋರಿಸಿದಷ್ಟೂ ಜಿಮ್ ಜಾಸ್ತಿ.

ಬಸವಕಲ್ಯಾಣದಲ್ಲಿ ನೋಡುವಂಥದ್ದಕ್ಕೆ ಬರವೇ? ಕಲ್ಯಾಣದ ಚಾಲುಕ್ಯರ ರಾಜಧಾನಿ. ವಿಜ್ಞಾನೇಶ್ವರ ಮಿತಾಕ್ಷರ ಬರೆದ ಊರು, ಬಿಲ್ಹಣ ಕಾಶ್ಮೀರದಿಂದ ನಡೆದು ಬಂದು ಸೇರಿದ ಊರು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ, ಅಲ್ಲಮ ಕೂತು ಮಾತಾಡಿದ ಊರು. ಕೋಟೆ, ಗುಡಿ, ದರ್ಗಾ, ಗವಿ, ಹಳೇ ಬಾವಿ. ಇಷ್ಟು ದಿನ ಪರೀಕ್ಷೆಗೆ ಅಂತ ಇಸವಿ ಬಾಯಿಪಾಠ ಮಾಡಿದ್ದ ಹುಡುಗ ಈಗ ಊರೆಲ್ಲ ನಡೆದು ಫೋಟೋ ತೆಗೀತಾ, ಅಜ್ಜಂದಿರನ್ನು ನಿಲ್ಲಿಸಿ "ಇದು ಯಾರು ಕಟ್ಟಿಸಿದ್ದು ಅಜ್ಜಾ?" ಅಂತ ಕೇಳ್ತಾ ಇದ್ದ. ಕೆಲವು ಒಪ್ಪಿಗೆಯಾದವು, ಕೆಲವು ತಿರಸ್ಕಾರ ಆದವು.

ಒಂದು ಭಾನುವಾರ ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋದ್ವಿ. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಗೋಡೆ ಮೇಲೆ ಒಬ್ಬಳು ಶಿಲಾಬಾಲಿಕೆ ಇದ್ದಾಳೆ. ಕಲ್ಲಿನಲ್ಲೇ ನಿಂತು ಕಲ್ಲಿನ ಮೇಲೆ ಶಾಸನ ಬರೀತಿರುವವಳು. "ಏನ್ ಬರೀಲತ್ತಾಳ ಮಾಮಾ ಈಕಿ?" ಅಂದ. ಆರನೇ ವಿಕ್ರಮಾದಿತ್ಯನ ಹೊಗಳಿಕೆ ಅಂದೆ. ಅವನು ಮೊಬೈಲ್ ಜೇಬಿಗೆ ಹಾಕಿಕೊಂಡು ನೋಡ್ತಾ ನಿಂತ. "ಒಂಬೈನೂರು ವರ್ಷ ಆಯ್ತು, ಇನ್ನಾ ಬರೀಲತ್ತಾಳ ನೋಡ್ರಿ" ಅಂತ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿ ಎಷ್ಟು ತಿಂಗಳಾಗಿತ್ತೋ.

ಆಟದಲ್ಲಿ ಗೆಳೆಯರಿಗೆ ದಿನಕ್ಕೊಂದು ಉಡುಗೊರೆ ಕಳಿಸಬಹುದು. ಯಾವುದಾದರೂ ಸ್ಟಾಪಿನ ಹತ್ತಿರ ಹೋದಾಗ ಸಿಗೋದು. ಅದರ ಮೇಲೆ ಆ ಜಾಗದ ಹೆಸರು, ಫೋಟೋ ಇರುತ್ತೆ. ತೊಂಬತ್ತು ದಿನ ಹಂಗೆ ಕೊಟ್ಟು ತಗೊಂಡರೆ 'ಬೆಸ್ಟ್ ಫ್ರೆಂಡ್ಸ್', ಆಗ ರೇಡಿನಲ್ಲಿ ಏಟಿಗೆ ಹತ್ತು ಪರ್ಸೆಂಟ್ ಬಲ ಜಾಸ್ತಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ನಾನು ಮೊದಲು ನೋಡ್ತಿದ್ದದ್ದೇ ಅದನ್ನ. ಉಡುಗೊರೆ ಬಂದಿದೆ ಅಂದ್ರೆ ಹುಡುಗ ಮನೆಯಿಂದ ಹೊರಗೆ ಹೋಗಿದ್ದಾನೆ, ನಡೆದಿದ್ದಾನೆ. ಅಕ್ಕನಿಗೆ ಫೋನ್ ಮಾಡಿ ಕೇಳೋ ಅಗತ್ಯ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯಲ್ಲಿ ಜಗಳ ಆಯ್ತು. ಏನಂತ ನನಗೆ ಪೂರ್ತಿ ಗೊತ್ತಿಲ್ಲ, ಕೇಳಲೂ ಇಲ್ಲ. ಬೆಳಿಗ್ಗೆ ಹುಡುಗ ಇಲ್ಲ. ಫೋನ್ ಎತ್ತಲ್ಲ. ಅಕ್ಕ ಅಳ್ತಾ ಫೋನ್ ಮಾಡಿದಳು. ಭಾವ ಅಂಗಡಿ ಮುಚ್ಚಿ ಬಸ್‌ಸ್ಟ್ಯಾಂಡು, ಗೆಳೆಯರ ಮನೆ ಎಲ್ಲಾ ಸುತ್ತಿದರು. ಸಂಜೆ ಏಳು ಗಂಟೆಗೆ ನನ್ನ ಮೊಬೈಲು ಟಿಂಗ್ ಅಂತು. ಉಡುಗೊರೆ. ಅದರ ಮೇಲೆ ಹೈದರಾಬಾದಿನ ಅಮೀರಪೇಟೆಯ ಒಂದು ಜಾಗದ ಫೋಟೋ ಇತ್ತು.

ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು. ನಾನು ಹಿಂದೆ ಔಷಧದ ಡಬ್ಬಗಳ ಮಧ್ಯೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಅಕ್ಕನಿಗೆ ಹೇಳಿದೆ: ಹೈದರಾಬಾದಿನಲ್ಲಿ ಇದಾನ, ಆರಾಮ ಇದಾನ. "ನಿನಗ ಹ್ಯಾಂಗ ಗೊತ್ತು?" ಅಂದಳು. ಪೋಕೆಮಾನ್ ಹೇಳ್ತು ಅಂತ ಹೇಳೋದು ಹೆಂಗೆ? ಮೆಸೇಜ್ ಬಂದದ ಅಂದೆ. ಸುಳ್ಳೇನಲ್ಲ. ನಾನು ಹುಮನಾಬಾದಿನ ಉಡುಗೊರೆ ವಾಪಸ್ ಕಳಿಸಿದೆ. ಎಲ್ಲಿದೀ, ಯಾಕೆ ಹೋದಿ ಅಂತ ಏನೂ ಕೇಳಲಿಲ್ಲ. ರಾತ್ರಿ ಹತ್ತಕ್ಕೆ ಅವನು ಅದನ್ನು ತೆರೆದ. ನಾಲ್ಕು ದಿನ ಹಂಗೇ ನಡೀತು. ಐದನೇ ದಿನ ಅವನೇ ಅವ್ವನಿಗೆ ಫೋನ್ ಮಾಡಿದ. ಹಾಸ್ಟೆಲಿನಲ್ಲಿ ಗೆಳೆಯನ ಜೊತೆ ಇದ್ದ, ಒಂದು ಗೋಡೌನಿನಲ್ಲಿ ಲೆಕ್ಕ ಬರೆಯೋ ಕೆಲಸ, ಸಂಜೆ ಕಂಪ್ಯೂಟರ್ ಕ್ಲಾಸು.

ಆಮೇಲೆ ಬುಧವಾರಗಳು ತಿರುಗಿದವು. ಹೈದರಾಬಾದಿನಲ್ಲಿ ಅವನ ಪೋಕೆಮಾನ್ ಜಿಮ್ಮಿನಲ್ಲಿ ಸ್ವಲ್ಪ ಹೊತ್ತೂ ನಿಲ್ತಿರಲಿಲ್ಲವಂತೆ, ಅಷ್ಟು ವೈರಿಗಳು! "ದಿನಾ ನಾಣ್ಯ ಬರ್ಲತ್ತಾವ ಮಾಮಾ" ಅಂತ ಖುಷಿ. ಆ ನಾಣ್ಯದಲ್ಲಿ 195ರ ಪಾಸು ತಗೊಂಡು, ನಾನು ಅಕ್ಕನ ಮನೆಗೆ ಹೋದಾಗ ಬಸವಕಲ್ಯಾಣದ ರೇಡಿಗೇ ಬರ್ತಿದ್ದ. ಅಲ್ಲಿ ಇಪ್ಪತ್ತು ಜನರ ಗುಂಪು ಬಿಟ್ಟು ಇಲ್ಲಿ ನಾವಿಬ್ಬರೇ ಹೊಡೆಯೋಕೆ. ಯಾಕೋ ಅಂದ್ರೆ, "ಅಲ್ಲಿ ನಾ ಇರ್ಲಿಲ್ಲಂದ್ರೂ ನಡೀತದ" ಅಂದ.

ಮೂವತ್ತೊಂದು ಆಗಿತ್ತು. ಮೂವತ್ತೊಂದು ರೇಡ್ ಮಾಡಿದವರಲ್ಲಿ ಐವರಲ್ಲಿ ಒಬ್ಬ ಬರಿಗೈಯಲ್ಲಿರ್ತಾನೆ. ಇಬ್ಬರೂ ಒಟ್ಟಿಗೆ ಬರಿಗೈಯಲ್ಲಿರೋದು ಸುಮಾರು ಇಪ್ಪತ್ತೈದರಲ್ಲಿ ಒಂದು ಸಲ. ಆ ಒಂದು ನಾವು. ಮೂವತ್ತೆರಡನೆಯದು ಕೋಟೆ ಕಡೆ. ಹನ್ನೊಂದು ಸೆಕೆಂಡು ಉಳಿದಿದ್ದಾಗ ಬಿತ್ತು. ಪರದೆ ಬೆಳ್ಳಗಾಗಿ ತೆರೆದಾಗ, ನನ್ನ ಮೊಬೈಲಿನಲ್ಲಿ ಕಪ್ಪು.

ಅವನದು ಹಸಿರು.

ದೊಡ್ಡ ರೇಡಿನ ಶೈನಿಗೆ ಒಂದು ನಿಯಮ ಇದೆ: ಚೆಂಡು ತಾಗಿದರೆ ಸಾಕು, ತಪ್ಪಿಸಿಕೊಳ್ಳಲ್ಲ. ಹಿಡಿದೆ. ಫೋನ್ ಮಾಡಿದೆ. ಎರಡು ಸೆಕೆಂಡು ಸದ್ದಿಲ್ಲ. ಆಮೇಲೆ ಹುಡುಗ ಹೈದರಾಬಾದಿನ ರಸ್ತೆಯಲ್ಲಿ ನಿಂತು ಕೂಗಿದ್ದು ನನಗಿಲ್ಲಿ ಕಿವಿಗೆ ಬಡೀತು. ತನಗೇ ಬಂದಷ್ಟು ಖುಷಿ.

ಅದನ್ನು ಅವನಿಗೆ ಕೊಡಬಹುದಿತ್ತು. ಆದರೆ ಆಗಿನ ನಿಯಮದಂತೆ ಅದಲಾಬದಲಿ ಮಾಡಬೇಕಾದರೆ ಇಬ್ಬರೂ ನೂರು ಮೀಟರ್ ಒಳಗೆ ಇರಬೇಕು. ಇಂಥ ಅಪರೂಪದ್ದು ದಿನಕ್ಕೆ ಒಂದೇ. ಕೊಟ್ಟು ತಗೊಳ್ಳುವ ಖರ್ಚು ಹೊಸ ಗೆಳೆಯರಾದರೆ ಹತ್ತು ಲಕ್ಷ 'ನಕ್ಷತ್ರದ ಧೂಳು', ಬೆಸ್ಟ್ ಫ್ರೆಂಡ್ಸ್ ಆದರೆ ನಲವತ್ತು ಸಾವಿರ. ನಮ್ಮ ತೊಂಬತ್ತು ದಿನ ಯಾವಾಗಲೋ ಮುಗಿದಿತ್ತು. ಧೂಳಿತ್ತು. ನೂರು ಮೀಟರ್ ಮಾತ್ರ ಇರಲಿಲ್ಲ.

ಅಕ್ಕ ಅಂದಳು, "ಊರಿಗಿ ಬಂದ್ರ ಕೊಡ್ತೀನಿ ಅಂತ ಹೇಳು, ಬರ್ತಾನ." ನನಗೆ ಮನಸ್ಸಾಗಲಿಲ್ಲ. ಅದು ಗಾಳಕ್ಕೆ ಹುಳ ಸಿಕ್ಕಿಸಿದ ಹಾಗೆ. ತಾನಾಗಿ ಬಂದರೆ ಮನೆ, ಆಸೆಗೆ ಬಂದರೆ ಅಂಗಡಿ. "ನಾವೇ ಹೋಗಣ ನಡಿ ಅಕ್ಕ" ಅಂದೆ.

ದೀಪಾವಳಿ ಆದ ಮೇಲೆ ಹೋದ್ವಿ. ಅಕ್ಕ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಎರಡು ಚೀಲ ತುಂಬಿದ್ದಳು. ಭಾವ ಬರಲಿಲ್ಲ. ಬಸ್ ಹತ್ತುವಾಗ ಒಂದು ಸಣ್ಣ ಪೊಟ್ಟಣ ನನ್ನ ಕೈಗಿಟ್ಟು ಸುಮ್ಮನೆ ಹೋದರು. ಬಿಚ್ಚಿ ನೋಡಿದರೆ ಹುಡುಗ ಸಣ್ಣವನಿದ್ದಾಗ ಅಂಗಡಿಯಲ್ಲಿ ಕದ್ದು ತಿನ್ನುತ್ತಿದ್ದ ಹುಣಸೆಹಣ್ಣಿನ ಗೋಲಿ.

ಹಾಸ್ಟೆಲಿನ ಆ ಸಣ್ಣ ರೂಮಿನಲ್ಲಿ, ಅಕ್ಕ ಅವನ ತಲೆ ನೇವರಿಸ್ತಾ ಕೂತಿದ್ದಾಗ, ನಾವಿಬ್ಬರು ಮೊಬೈಲ್ ಹಿಡಿದು ಅದಲಾಬದಲಿ ಮಾಡಿದ್ವಿ. ನಾನು ಕರಿ ರೇಕ್ವಾಝಾ ಕೊಟ್ಟೆ. ಅವನು ಒಂದು ಹಂದಿಮರಿ ಕೊಟ್ಟ. ಅದಲಾಬದಲಿ ಮಾಡಿದಾಗ ಅದರ ಬಲದ ಅಂಕಿಗಳು ಬದಲಾಗ್ತವೆ. ಬಹಳ ಕಡಿಮೆ ಬಂತು. "ಏನ್ ಮಾಮಾ, ಕೂಳಿಗೂ ಬರಲ್ಲ ಇದು" ಅಂತ ನಕ್ಕ. ಇಟ್ಟುಕೊಂಡ.

ಕೆಲಸ ಇನ್ನೂ ಅಲ್ಲೇ. ಇನ್ನೊಂದು ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ಆಗುತ್ತೋ ಇಲ್ಲವೋ, ದಾಳ ಹೊಸದು. ಹಿಂದಿನದನ್ನು ಅದು ನೆನಪಿಟ್ಟುಕೊಂಡಿಲ್ಲ ಅನ್ನೋದು ಅವನಿಗೀಗ ಸಮಾಧಾನದ ಮಾತು.

ವಾಪಸ್ ಬಂದ ಮೇಲೆ ಭಾವನ ಅಂಗಡಿಗೆ ಹೋಗಿದ್ದೆ. ತೊಗರಿಬೇಳೆ ತೂಗ್ತಾ ಇದ್ದರು. ತಲೆ ಎತ್ತದೇ ಕೇಳಿದರು, "ಅದ್ಯಾವುದೋ ಹಾವು ಕೊಡೋದಿತ್ತಲ್ಲ, ಕೊಟ್ಟಿ ಏನು?"

ಕೊಟ್ಟೆ ಅಂದೆ.

"ಮತ್ತ ಇನ್ನೊಂದು ಯಾವುದಾರ ಹಿಡಿ. ಮುಂದಿನ ಸಲ ನಾನೂ ಬರ್ತೀನಿ" ಅಂದರು.